ಹೊರಗಿನ ಸದಸ್ಯೆ

'ವಸಂತಿ ಅವರನ್ನು ತೆಗೆದುಹಾಕಲಾಗಿದೆ. ಕಾರಣ: ಹೊರಗಿನ ಸದಸ್ಯೆ.'

ಮಹಾಪೆಯ ಆಫೀಸಿನ ಲಿಫ್ಟಿನಲ್ಲಿ ಹಯಗ್ರೀವ ಆ ಸಾಲನ್ನು ಮತ್ತೆ ಓದಿದ. ತನ್ನ ದಾಂಪತ್ಯವನ್ನು ಇಷ್ಟು ಚೊಕ್ಕವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ.

ತಪ್ಪು ಅವನದೇ. ಹೆಂಡತಿ ವಸಂತಿ ಕಳಿಸಿದ ವಾಟ್ಸಾಪ್ ನೋಡಲು ಮರೆಯುತ್ತಿದ್ದ. ಆಫೀಸಿನ ಚಾಟ್ ಮಾತ್ರ ಬಚ್ಚಲಲ್ಲೂ ನೋಡುತ್ತಿದ್ದ. ಹಾಗಾಗಿ ಆಫೀಸಿನ ಖಾತೆಯಲ್ಲೇ 'ಮನೆ' ಎಂಬ ಚಾನೆಲ್ ತೆರೆದು ಅವಳನ್ನು ಅತಿಥಿಯಾಗಿ ಸೇರಿಸಿದ್ದ. ಕೊತ್ತಂಬರಿ, ಜ್ವರ, ಮುನಿಸು ಎಲ್ಲ ಅಲ್ಲೇ. ಬೆಲ್ ಒತ್ತಿದರೆ ಮಗು ಏಳುತ್ತದೆಂದು ಕಾಮೋಠೆಯ ಫ್ಲ್ಯಾಟಿನ ಬಾಗಿಲ ಮುಂದೆ ನಿಂತು 'ಬಂದೆ' ಎಂದು ಅದರಲ್ಲಿ ಬರೆಯುತ್ತಿದ್ದ. ಅವಳು ಬಾಗಿಲು ತೆರೆಯುತ್ತಿದ್ದಳು. ಮಗು ಮೂರನೇ ಕ್ಲಾಸಿಗೆ ಬಂದರೂ ಪದ್ಧತಿ ಬದಲಾಗಲಿಲ್ಲ.

ಹೋದದ್ದು ಹೋಗಲಿ ಎನ್ನಬಹುದಿತ್ತು. ಆದರೆ ಮಗಳು ಅಮೂಲ್ಯಾ ಪುಟ್ಟವಳಿದ್ದಾಗ ತುಳುವಿನಲ್ಲಿ ಆಡಿದ್ದನ್ನೆಲ್ಲ ವಸಂತಿ ರೆಕಾರ್ಡ್ ಮಾಡಿ ಅದರಲ್ಲೇ ಕಳಿಸಿದ್ದಳು. 'ಪಪ್ಪ, ಏಪ ಬರ್ಪರ್?' ಯಾವಾಗ ಬರುತ್ತೀರೆಂದು ಅವಳು ಈಗ ಫೋನಿನಲ್ಲಿ ಕೇಳುವುದಿಲ್ಲ. ಏನೇ ಕೇಳಿದರೂ ಈ ಊರಿನ ಹಿಂದಿ. ಹೊರಗಿನವರು ಕಳಿಸಿದ್ದಕ್ಕೆಲ್ಲ ಇವತ್ತು ಬೀಗ ಬಿದ್ದಿತ್ತು.

ಖಾತೆಗಳನ್ನು ನೋಡಿಕೊಳ್ಳುವ ರಾಜಶೇಖರ ವಿಜಯಪುರದವನು. ಕನ್ನಡದವನಲ್ಲವೇ ಎಂದು ಹಯಗ್ರೀವನಿಗೆ ಸಣ್ಣ ಆಸೆ.

"ಅಕೌಂಟ್ ಕಂಪನೀದು. ಅದರಾಗ ಇರೋದೆಲ್ಲಾ ಕಂಪನೀದಽ ರೀ."

"ನನ್ನ ಮಗಳ ಸ್ವರ ಅದು, ಮಾರಾಯ್ರೆ."

"ಮನೀ ಇದ್ದಾಗ ಆಫೀಸಿನ್ಯಾಗ ಸಂಸಾರ ಹೂಡಂತ ಯಾರ್ ಹೇಳಿದ್ರೀ ನಿಮಗ?"

"ಏನಾದ್ರೂ ದಾರಿ ಉಂಟಾ?"

"ಕೆಲಸಕ್ಕ ಬೇಕು ಅಂತ ಕಾರಣ ಬರೀರಿ. ಯಾರೂ ಓದಂಗಿಲ್ಲ."

ಹಯಗ್ರೀವ ಬರೆದ: 'ಮಾತು ಗುರುತಿಸುವ ನಮ್ಮ ತಂತ್ರಾಂಶದ ಪರೀಕ್ಷೆಗೆ, ಅಪರೂಪದ ಭಾಷೆಯಲ್ಲಿ ಮಗುವಿನ ಧ್ವನಿ.' ತನ್ನ ಜಾಣತನಕ್ಕೆ ತಾನೇ ಒಂದು ಚಹಾ ಕುಡಿಸಿಕೊಂಡ.

ಯಾರೋ ಓದಿದರು. ಊಟದ ಹೊತ್ತಿಗೆ ಇಡೀ ಆಫೀಸಿನ ಚಾನೆಲ್ಲಿನಲ್ಲೇ ಉತ್ತರ ಬಂತು. ಕೋರಿಕೆ ಮಂಜೂರು. ಧ್ವನಿಗಳನ್ನು ಪರೀಕ್ಷಾ ತಂಡಕ್ಕೆ ಒಪ್ಪಿಸಲಾಗಿದೆ. ವೈಯಕ್ತಿಕ ಬಳಕೆ ನಿಷಿದ್ಧವಾದ್ದರಿಂದ 'ಮನೆ'ಯಿಂದ ಅಳಿಸಲಾಗಿದೆ. ಹಯಗ್ರೀವ ಅವರ ಮುಂದಾಲೋಚನೆ ಮೆಚ್ಚತಕ್ಕದ್ದು.

ಕೆಳಗೆ ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತಿದ್ದರು. ಅವನೂ ಒತ್ತಿದ. ಒತ್ತದಿದ್ದರೆ ಚೆನ್ನಾಗಿ ಕಾಣುತ್ತಿರಲಿಲ್ಲ.

ಸಂಜೆ ಹೊರಡುವಾಗ ಪರೀಕ್ಷಾ ತಂಡದ ಮೇಜಿನಿಂದ ಮಗಳು ಕೇಳಿದಳು:

"ಪಪ್ಪ, ಏಪ ಬರ್ಪರ್?"

"ಕ್ಷಮಿಸಿ, ಅರ್ಥವಾಗಲಿಲ್ಲ," ಎಂದಿತು ಯಂತ್ರ. ಮತ್ತೆ ಹಾಕಿದರು. ಮತ್ತೆ ಕೇಳಿದಳು. ಯಂತ್ರ ಮತ್ತೆ ಕ್ಷಮೆ ಕೇಳಿತು. ಅವನಿಗಿಂತ ಅದಕ್ಕೆ ಸೌಜನ್ಯ ಹೆಚ್ಚು. ಹಯಗ್ರೀವ ಕಾರ್ಡ್ ತೋರಿಸಿ ಹೊರಬಿದ್ದ.

ಕಾಮೋಠೆ. ಬಾಗಿಲ ಮುಂದೆ ನಿಂತ. ಒಳಗೆ ಕುಕ್ಕರ್ ಕೂಗಿತು.

"ಮಮ್ಮಿ, ಪಪ್ಪಾ ಕಬ್ ಆಯೇಂಗೇ?" ಅಮೂಲ್ಯಾಳ ಸ್ವರ.

"ಯಾರಿಗೊತ್ತು ಮಗಾ. ಮೆಸೇಜ್ ಬರ್ಲಿಲ್ಲ."

ಬೆಲ್ ಮೊಣಕೈಗೆ ತಾಗುವಷ್ಟು ಹತ್ತಿರ. ಅವನ ಹೆಬ್ಬೆರಳು ಫೋನಿನಲ್ಲಿ 'ಬಂದೆ' ಎಂದು ಬರೆಯಿತು.

ಕೆಳಗೆ ಮೂಡಿತು: 'ನೋಡಿದವರು: ನೀವು ಮಾತ್ರ.'

ಮೆಟ್ಟಿಲ ದೀಪ ತಾನಾಗಿಯೇ ಆರಿತು. ಬಾಗಿಲು ತೆರೆಯುವುದನ್ನೇ ಕಾಯುತ್ತ ಹಯಗ್ರೀವ, ಪರದೆಯ ಬೆಳಕು ಮುಖದ ಮೇಲೆ ಬೀಳುತ್ತಿರಲು, ನಿಂತೇ ಇದ್ದ.