ಮೂರನೆಯ ಭಾನುವಾರದ ಚೀಟಿ

ಭಾನುವಾರ ಬೆಳಿಗ್ಗೆ ನನ್ನ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಎಡತೋಳು ಮುಗಿದು ಬಲತೋಳಿಗೆ ನೀರು ಚಿಮುಕಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಡಿಯುವ ರೀತಿಯಲ್ಲೇ ಯಾರೆಂದು ಗೊತ್ತಾಯಿತು. ನಮ್ಮ ಚರ್ಚಿನ ಸಭೆಯ ಹಿರಿಯರು. ಊರಿನ ದೊಡ್ಡ ಮರದಂಗಡಿ ಅವರದು. ಯಾರ ಮನೆಯ ಬಾಗಿಲಾದರೂ ಹಲಗೆ ಗಟ್ಟಿಯಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಬಡಿಯುತ್ತಾರೆ.

ಈ ಚರ್ಚಿನ ಪಾದ್ರಿ ನಾನು. ಇಲ್ಲಿ ಹೆಂಗಸೊಬ್ಬಳು ಪೀಠ ಹತ್ತಿದ್ದು ಇದೇ ಮೊದಲು, ಐದು ವರ್ಷವಾಯಿತು. ಹಿರಿಯರು ಜನರೆದುರು ನನ್ನನ್ನು 'ಅಮ್ಮನವರೇ' ಎನ್ನುತ್ತಾರೆ, ಮನೆಯೊಳಗೆ 'ನೋಡಮ್ಮಾ' ಎನ್ನುತ್ತಾರೆ. ಮೊದಲನೆಯದು ಗೌರವ, ಎರಡನೆಯದು ಅಪ್ಪಣೆ.

"ನೋಡಮ್ಮಾ," ಎನ್ನುತ್ತಲೇ ಒಳಗೆ ಬಂದರು. "ಇವತ್ತಿನ ಚೀಟಿ ತಂದಿದೀನಿ. ಇದೊಂದು ಸಲ ಓದಿಬಿಟ್ರೆ ಮುಗೀತು. ಜೊತೆಗೆ ಹುಡುಗಿ ವಯಸ್ಸಿನ ಕಾಗದ. ಹತ್ತೊಂಬತ್ತು ಅಂತ ನಾನೇ ಎಲ್ಲಾ ತುಂಬಿದೀನಿ. ನೀವು ಸಹಿ ಹಾಕಿದ್ರೆ ಸಾಕು, ರಿಜಿಸ್ಟರು ಗಿಜಿಸ್ಟರು ಅಂತ ಧೂಳು ಕೊಡವೋದೇನೂ ಬೇಡ."

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಪೀಠದಿಂದ ಓದಬೇಕು. ಓದಿದ ಮೇಲೆ "ಈ ಮದುವೆಗೆ ಯಾರದಾದರೂ ತಕರಾರಿದ್ದರೆ ಈಗಲೇ ಹೇಳಿ" ಎಂದು ಕೇಳಬೇಕು. ಯಾರೂ ಏನೂ ಹೇಳುವುದಿಲ್ಲ. ನಾಲ್ಕು ಉಸಿರಿನಷ್ಟು ಹೊತ್ತು ಕಾದು, ಹಾಡಿನ ಸಂಖ್ಯೆ ಹೇಳುತ್ತೇವೆ. ಈ ಮದುವೆಯ ಚೀಟಿಯನ್ನೂ ನಾನು ಎರಡು ಭಾನುವಾರ ಹಾಗೇ ಓದಿದ್ದೆ. ಗಂಡು ಹಿರಿಯರ ತಮ್ಮ, ಹೆಂಡತಿ ಸತ್ತವನು, ನಲವತ್ತರ ಹತ್ತಿರದವನು. ಹೆಣ್ಣು ಗಂಟೆಯಮ್ಮನ ಮಗಳು.

ಗಂಟೆಯಮ್ಮ ಎಂದರೆ ಚರ್ಚಿನ ಕಸ ಗುಡಿಸಿ, ಗಂಟೆ ಹೊಡೆದು, ಹಿಂದುಗಡೆಯ ಒಂಟಿ ಕೋಣೆಯಲ್ಲಿ ಇರುವ ಹೆಂಗಸು. ಗಂಡನಿಲ್ಲ. ಕೋಣೆಯ ಬೀಗದ ಕೈ ಹಿರಿಯರದು. ಹೋದ ವರ್ಷ ಅವಳ ಮಗಳನ್ನು ಶಾಲೆ ಬಿಡಿಸಿ ಮರದಂಗಡಿಯಲ್ಲಿ ಫೋನು ಎತ್ತಲು ಕೂರಿಸಿದ್ದೂ ಅವರೇ. ಸಂಜೆ ಹೊತ್ತು ಅವಳು ನನ್ನ ಮಗಳಿಗೆ ಪಾಠ ಹೇಳಿಕೊಡುತ್ತಿದ್ದಳು. ಉದ್ದನೆಯ ಹುಡುಗಿ. ಹದಿನೆಂಟು ದಾಟಿರಬೇಕು ಎಂದುಕೊಂಡಿದ್ದೆ. ಬರೀ ಅಂದುಕೊಂಡೆ. ಕಬ್ಬಿಣದ ಬೀರು ತೆಗೆದು, ಮಕ್ಕಳು ಹುಟ್ಟಿದ ತಾರೀಕು ಬರೆದಿಡುವ ದೀಕ್ಷಾಸ್ನಾನದ ರಿಜಿಸ್ಟರು ನೋಡಲಿಲ್ಲ.

ಮೇಜಿನ ಹತ್ತಿರ ಹಾಲು ಕುಡಿಯುತ್ತಿದ್ದ ನನ್ನ ಮಗಳು ಗುಬ್ಬಿ, ಲೋಟ ಕೆಳಗಿಟ್ಟಳು.

"ತಾತ, ಅಕ್ಕನಿಗೆ ಹತ್ತೊಂಬತ್ತಲ್ಲ. ನಮ್ಮಿಬ್ರದೂ ಹುಟ್ಟಿದಬ್ಬ ಒಂದೇ ದಿನ. ನಂಗೆ ಎಂಟು. ನನ್ನಂಥೋರು ಇಬ್ರು ಸೇರಿದ್ರೆ ಒಬ್ಳು ಅಕ್ಕ. ಅವಳೇ ಹೇಳಿದ್ದು."

ಹಿರಿಯರು ನಕ್ಕರು. "ಲೆಕ್ಕದಲ್ಲಿ ಚುರುಕಾಗಿದಾಳೆ ನಿಮ್ಮ ಮಗಳು. ಬಾಯಲ್ಲೂ."

ಅವರ ಪೆನ್ನು ನನ್ನ ನಿಲುವಂಗಿಯ ಮೇಲೆಯೇ ಬಂದು ಕೂತಿತು. ನಾನು ಅದನ್ನೇ ನೋಡುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. ಇಸ್ತ್ರಿಪೆಟ್ಟಿಗೆಯನ್ನು ಬಲತೋಳಿನ ಮೇಲೆಯೇ ಬಿಟ್ಟಿದ್ದೆ. ಎತ್ತಿ ನೋಡಿದರೆ ಕಂದು ಬಣ್ಣದ ಕಲೆ, ಅಂಗೈಯಷ್ಟು ಅಗಲ.

"ಕಾಗದ ಇಲ್ಲಿರಲಿ," ಅಂದೆ. "ಸಹಿ ಆಮೇಲೆ."

"ಆಮೇಲೆ ಅಂದ್ರೆ?"

"ಆಮೇಲೆ ಅಂದ್ರೆ ಆಮೇಲೆ."

ಅವರು ಹೋದ ಮೇಲೆ ಗುಬ್ಬಿ ನನ್ನ ಸೆರಗು ಹಿಡಿದಳು. "ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕಂದಾ, ಬಟ್ಟೆ ಹಾಕ್ಕೋ."

ಎರಡು ವಾರದಿಂದ ಇದೇ ನಡೆದಿತ್ತು. ಪಾತ್ರೆ ತೊಳೆಯುವಾಗ, ಪೀಠದಿಂದ ಹೇಳುವ ಪ್ರಸಂಗ ಬರೆಯುವಾಗ, ಅವಳ ಜಡೆ ಹೆಣೆಯುವಾಗ, "ಒಂದು ಕೇಳ್ಲಾ?" "ಆಮೇಲೆ." ಅವಳಪ್ಪ ಬೇಕರಿ ಕೆಲಸದವರು, ಭಾನುವಾರವೂ ಮಧ್ಯಾಹ್ನವೇ ಮನೆಗೆ ಬರುವುದು, ಅವಳು ಕೇಳುವುದಿದ್ದರೆ ನನ್ನನ್ನೇ ಕೇಳಬೇಕು.

ಚರ್ಚಿನ ಒಳಕೋಣೆಗೆ ಹೋಗಿ ಬೀರು ತೆಗೆದೆ. ಹಿಂದಿನ ಪಾದ್ರಿಗಳ ದುಂಡು ಅಕ್ಷರ. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಕು. ಗುಬ್ಬಿಯ ಲೆಕ್ಕ ಸರಿಯಿತ್ತು. ಹುಡುಗಿಗೆ ಹದಿನಾರು ತುಂಬಿ ಮೂರು ತಿಂಗಳಾಗಿತ್ತು.

ಮೈಯೆಲ್ಲ ಉರಿದುಹೋಯಿತು. ಈ ಪುಟ ಇದ್ದದ್ದು ನನ್ನ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬೀರುವಿನ ಬೀಗದ ಕೈ ಇದ್ದದ್ದು ನನ್ನ ಸೊಂಟದಲ್ಲಿ.

ಗಂಟೆಯಮ್ಮ ಬೆಂಚು ಒರೆಸುತ್ತಿದ್ದಳು. ರಿಜಿಸ್ಟರು ನನ್ನ ಕೈಯಲ್ಲಿ ಕಂಡದ್ದೇ ಬಟ್ಟೆ ಕೆಳಗೆ ಬಿತ್ತು.

"ಯಾಕೆ ಹೇಳಲಿಲ್ಲ ನಂಗೆ?"

"ಏನಂತ ಹೇಳ್ಲಿ ಅಮ್ಮ? ಕೋಣೆ ಖಾಲಿ ಮಾಡು ಅಂದ್ರೆ ಗಂಟೆ ಕೆಳಗೆ ಮಲಗ್ಲಾ?" ಅವಳ ದನಿ ಏರಿತು. "ನೀವು ಓದಿದವ್ರು, ಪುಸ್ತಕ ನಿಮ್ಮ ಹತ್ರಾನೇ ಇದೆ. ನೀವೇ ಪೀಠದ ಮೇಲೆ ನಿಂತು ಓದಿದ್ಮೇಲೆ ನಾನ್ಯಾವ ದೊಡ್ಡ ಮನುಷ್ಯಳು ಬಾಯಿ ಬಿಡೋಕೆ?"

ಅವಳ ಹಿಂದೆ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಕೈಯಲ್ಲಿ ಹಳೆಯ ಪಾಠದ ಪುಸ್ತಕಗಳು, ಮೇಲೊಂದು ಕಂಪಾಸ್ ಡಬ್ಬಿ, ಎಲ್ಲವನ್ನೂ ದಾರದಲ್ಲಿ ಕಟ್ಟಿದ್ದಳು.

"ಇದು ಗುಬ್ಬಿಗೆ," ಅಂದಳು. "ನಂಗಿನ್ನು ಬೇಕಾಗಲ್ಲ."

"ನಿಂಗೆ ಈ ಮದುವೆ ಬೇಕಾ?"

ಅವಳು ನನ್ನನ್ನೇ ದಿಟ್ಟಿಸಿದಳು. "ಇವತ್ತಾದ್ರೂ ಕೇಳಿದ್ರಲ್ಲ ಅಮ್ಮ," ಎಂದಳು. ಆಮೇಲೆ, "ಬೇಡ."

ಮುಖಕ್ಕೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಹತ್ತು ಗಂಟೆಗೆ ಬೆಂಚುಗಳು ತುಂಬಿದವು. ಮೊದಲ ಸಾಲಿನಲ್ಲಿ ಹಿರಿಯರು, ಪಕ್ಕದಲ್ಲಿ ಹೊಸ ಕೋಟು ಹಾಕಿದ ತಮ್ಮ. ಎರಡನೆಯ ಸಾಲಿನಲ್ಲಿ ಹುಡುಗಿ, ಅವಳಿಗೆ ಅಂಟಿಕೊಂಡು ಗುಬ್ಬಿ. ಪ್ರಸಂಗದಲ್ಲಿ ಏನು ಹೇಳಿದೆನೋ ಒಂದೂ ನೆನಪಿಲ್ಲ. ಆಮೇಲೆ ಚೀಟಿ ತೆಗೆದು ಎರಡೂ ಹೆಸರು ಓದಿದೆ.

"ಈ ಮದುವೆಗೆ ಯಾರದಾದರೂ ತಕರಾರಿದ್ದರೆ ಈಗಲೇ ಹೇಳಿ."

ಯಾರೋ ಕೆಮ್ಮಿದರು. ಹಾರ್ಮೋನಿಯಂ ಮೇಷ್ಟ್ರು ಆಗಲೇ ಹಾಡಿನ ಪುಟ ತೆರೆದಿದ್ದರು. ನಾನು ಹಾಡಿನ ಸಂಖ್ಯೆ ಹೇಳಲಿಲ್ಲ. ರಿಜಿಸ್ಟರು ಎತ್ತಿಕೊಂಡು ಪೀಠದ ಮೂರು ಮೆಟ್ಟಿಲು ಇಳಿದೆ. ಇಳಿದು ಬೆಂಚುಗಳ ನಡುವೆ, ಎಲ್ಲರ ಮಟ್ಟದಲ್ಲಿ ನಿಂತೆ.

"ನಂದಿದೆ ತಕರಾರು," ಅಂದೆ.

ಹಿರಿಯರು ಎದ್ದರು. "ಇದು ಕ್ರಮ ಅಲ್ಲ ಅಮ್ಮನವರೇ. ಕೇಳೋರೇ ಉತ್ತರ ಹೇಳೋ ಹಾಗಿಲ್ಲ."

"ಅದಕ್ಕೇ ಕೆಳಗಿಳಿದು ಬಂದೆ. ಈ ಹುಡುಗಿಗೆ ಹದಿನಾರು. ರಿಜಿಸ್ಟರಲ್ಲಿದೆ, ಯಾರು ಬೇಕಾದ್ರೂ ಬಂದು ನೋಡಿ. ಅವಳಿಗೆ ಈ ಮದುವೆ ಬೇಡವಂತೆ, ಅದೂ ಅವಳ ಬಾಯಿಂದ್ಲೇ ಕೇಳಿದೀನಿ. ನಾನು ಮಾಡ್ಸಲ್ಲ, ಬೇರೆ ಯಾರೂ ಇಲ್ಲಿ ಮಾಡ್ಸೋ ಹಾಗೂ ಇಲ್ಲ."

"ನಾಳೇನೇ ಮೇಲಿನವರಿಗೆ ಬರೀತೀನಿ!"

"ಬರೀರಿ. ಹತ್ತೊಂಬತ್ತು ಅಂತ ನೀವೇ ತುಂಬಿದ ಕಾಗದ ನನ್ನ ಹತ್ರ ಇದೆ, ನಿಮ್ಮದೇ ಅಕ್ಷರ. ನಿಮ್ಮ ಪತ್ರದ ಹಿಂದೇನೇ ಅದನ್ನೂ ಕಳಿಸ್ತೀನಿ. ಇನ್ನೊಂದು ಮಾತು. ಗಂಟೆಯಮ್ಮನ ಕೋಣೆಗೆ ಬೀಗ ಹಾಕಬೇಕು ಅಂದ್ರೆ, ಅದಕ್ಕೂ ಮೊದಲು ನನ್ನ ಮನೆಗೆ ಹಾಕಿ. ನಾನು ಅವಳ ಜೊತೆ ಚರ್ಚಿನ ಮೆಟ್ಟಿಲ ಮೇಲೆ ಕೂತಿರ್ತೀನಿ, ಪ್ರತಿ ಭಾನುವಾರ ನೀವು ನಮ್ಮನ್ನ ದಾಟಿಕೊಂಡೇ ಒಳಗೆ ಬರಬೇಕು."

ಹಿಂದಿನ ಬೆಂಚಿನಲ್ಲಿ ಒಬ್ಬ ಮುದುಕಿ "ಸರಿಯಾಗಿ ಹೇಳ್ತು ನೋಡು" ಎಂದಿದ್ದು ಇಡೀ ಚರ್ಚಿಗೆ ಕೇಳಿಸಿತು. ಹಿರಿಯರ ತಮ್ಮ ಕೋಟಿನ ಗುಂಡಿ ಬಿಚ್ಚಿಕೊಂಡು ಬಾಗಿಲ ಕಡೆ ನಡೆದ. ಹಿರಿಯರು ಇನ್ನೂ ನಿಂತೇ ಇದ್ದರು. ಗಂಟೆಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಸಿಟ್ಟು ನನಗೆ ಹಿತವಾಗಿತ್ತು. ಬೆನ್ನು ನೇರವಾಗಿತ್ತು, ದನಿ ನಡುಗಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅದೂ ಹಿತವಾಗಿತ್ತು.

ಆಗ ನನ್ನ ಬಲತೋಳನ್ನು, ಸರಿಯಾಗಿ ಆ ಸುಟ್ಟ ಕಲೆ ಇದ್ದಲ್ಲಿ, ಯಾರೋ ಎಳೆದಂತಾಯಿತು. ಗುಬ್ಬಿ. ಇನ್ನೊಂದು ಕೈಯಲ್ಲಿ ಅಕ್ಕನ ಬೆರಳು ಹಿಡಿದಿದ್ದಳು.

"ಅಮ್ಮಾ, ಒಂದು ಕೇಳ್ಲಾ?"

'ಆಮೇಲೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮೊದಲ ಭಾನುವಾರ ಚೀಟಿ ಓದುವಾಗ ಈ ಹುಡುಗಿ ತಲೆ ತಗ್ಗಿಸಿ ಬೆಂಚಿನ ಅಂಚು ಉಗುರಿನಿಂದ ಕೆರೆಯುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಮನಸ್ಸಿಗೆ ಏನೋ ಚುಚ್ಚಿತ್ತು. ನಾಲ್ಕು ಉಸಿರು ಕಾಯಬೇಕಾದಲ್ಲಿ ಎರಡಕ್ಕೇ ಹಾಡಿನ ಸಂಖ್ಯೆ ಹೇಳಿಬಿಟ್ಟಿದ್ದೆ. ಅವಳ ಪಕ್ಕದಲ್ಲಿ ಆವತ್ತೂ ಗುಬ್ಬಿ ಕೂತಿದ್ದಳು.

ಮಂಡಿಯೂರಿ ಅವಳ ಮುಖದ ಮಟ್ಟಕ್ಕೆ ಬಂದೆ. "ಕೇಳು ಕಂದಾ."

ಅವಳು ಪಿಸುಗುಡಲಿಲ್ಲ.

"ಮತ್ತೆ ಆ ಎರಡು ಭಾನುವಾರ ಯಾಕಮ್ಮ ಓದಿದೆ?"