ಅರ್ಧ ಕಂಬಳಿ

"ನಿಮ್ಮಪ್ಪನ ಮನೆ ಬಟ್ಟೇನೇನೋ ಇದು, ಬೇವರ್ಸಿ? ಕೆಂಪು ಪಟ್ಟಿ ಒಂದಿಂಚು ಕಮ್ಮಿ ಮಾಡ್ಸು ಅಂದ್ರೆ ಮಾಡ್ಸಬೇಕು. ಬಾವುಟಾನ ಯಾರೂ ಟೇಪ್ ಹಿಡ್ಕೊಂಡು ಅಳೆಯಲ್ಲ."

ಮ್ಯಾನೇಜರ್ ಸೂರ್ಯನಾರಾಯಣ ಅವರು ಇದನ್ನು ನನಗೆ ಹೇಳಿದ್ದು ನಲವತ್ತು ಜನ ಹೆಂಗಸರ ಎದುರಿಗೆ, ಅಚ್ಚ ಕನ್ನಡದಲ್ಲಿ. ಹೆಂಗಸರಿಗೆ ಕನ್ನಡ ಬಾರದು. ಆದರೆ ಬೈಗುಳಕ್ಕೆ ಎಲ್ಲ ಭಾಷೆಯಲ್ಲೂ ಒಂದೇ ರಾಗ, ಹಾಗಾಗಿ ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ನಿಂತವು.

ಅದು ಎರಡು ಸಾವಿರದ ಮೂರನೇ ಇಸವಿ. ಡಿಸೆಂಬರ್ ಬಂದರೆ ಕೆನ್ಯಾಕ್ಕೆ ಸ್ವಾತಂತ್ರ್ಯ ಸಿಕ್ಕಿ ನಲವತ್ತು ವರ್ಷ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ನಮ್ಮ ಕಂಬಳಿ ಕಾರ್ಖಾನೆಗೆ ಬಾವುಟಗಳ ದೊಡ್ಡ ಆರ್ಡರು ಬಂದಿತ್ತು. ಇದು ದೇಶದ ಕೆಲಸ, ಆದ್ದರಿಂದ ಭಾನುವಾರಗಳಿಗೆ ಕೂಲಿ ಇಲ್ಲ ಎಂದು ಧಣಿ ಹೇಳಿಬಿಟ್ಟಿದ್ದರು. ಈ ದೇಶದ ಬಾವುಟದಲ್ಲಿ ಕಪ್ಪು ಅಂದರೆ ಜನ, ಹಸಿರು ಅಂದರೆ ನೆಲ, ಕೆಂಪು ಅಂದರೆ ಸ್ವಾತಂತ್ರ್ಯಕ್ಕೆ ಸುರಿದ ರಕ್ತ. ಕೆಂಪು ಬಣ್ಣ ದುಬಾರಿ.

ಸಾಹೇಬರ ಹುಕುಂ ಅನ್ನು ನಾನು ಮುಥೋನಿಗೆ ಸ್ವಾಹಿಲಿಯಲ್ಲಿ ಹೇಳಿದೆ. ಅರವತ್ತು ದಾಟಿದ ಹೆಂಗಸು. ಹತ್ತೊಂಬತ್ತು ವರ್ಷದಿಂದ ಅಲ್ಲೇ ದುಡಿದರೂ ಇನ್ನೂ ದಿನಗೂಲಿ. ನನಗೆ ಸ್ವಾಹಿಲಿ ಕಲಿಸಿದವಳು ಅವಳೇ. ಅವಳು ಬಾಯಿ ಬಿಟ್ಟರೆ ನನ್ನ ಕಿವಿಗೆ ನಮ್ಮ ದೊಡ್ಡಬಳ್ಳಾಪುರದ ಮಗ್ಗದ ಕೇರಿಯ ಮಾತು ಕೇಳಿದ ಹಾಗೇ ಆಗುತ್ತದೆ, ಹಾಗೇ ಬರೆಯುತ್ತೇನೆ. ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಅವಳು ಅಂದಳು:

"ಇಷ್ಟ್ ರಕ್ತ ಸಾಕಂತಾ ನಿಮ್ ಸಾಯೇಬ್ರಿಗೆ? ಸಾಯೋರ್ಗೆ ಮೊದ್ಲೇ ಯೋಳಿದ್ರೆ ಕಮ್ಮಿ ಸುರಿಸ್ತಿದ್ರಲ್ಲ, ಫುಂಡಿ."

ಫುಂಡಿ ಅಂದರೆ ಮೇಸ್ತ್ರಿ. ಮಗ್ಗ ರಿಪೇರಿ ಮಾಡುವ ನನ್ನನ್ನು ಈ ಊರಲ್ಲಿ ಮರ್ಯಾದೆಯಿಂದ ಕರೆಯುವ ಹೆಸರು ಅದೊಂದೇ. ಲ್ಯಾವಿಂಗ್ಟನ್ ಬಡಾವಣೆಯಲ್ಲಿದ್ದ ಸಾಹೇಬರ ಮನೆಗೆ ನೀರಿನ ಮೋಟಾರು ನೋಡಲು ಹೋದರೆ ನನಗೂ ಅವರ ತೋಟದ ಆಳಿಗೂ ಹಿತ್ತಿಲ ನಲ್ಲಿಯ ಹತ್ತಿರ ಒಂದೇ ಬಣ್ಣದ ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ. ಊರಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದರು. ಇಲ್ಲಿ ಜೊತೆಗೊಬ್ಬ ಸಿಕ್ಕ.

ಆ ವರ್ಷವೇ ಸರ್ಕಾರ ಮೌ ಮೌ ಹೆಸರಿನ ಮೇಲಿದ್ದ ನಿಷೇಧ ತೆಗೆದಿತ್ತು. ಬಿಳಿಯರ ವಿರುದ್ಧ ಕಾಡು ಸೇರಿ ಹೋರಾಡಿದವರ ಹೆಸರು ಅದು. ಅಲ್ಲಿಯವರೆಗೆ ಬಾಯಿ ಬಿಟ್ಟು ಹೇಳಲು ಹೆದರುತ್ತಿದ್ದ ಹೆಸರು, ಈಗ ನೋಡಿದರೆ ನೈರೋಬಿಯ ಎಲ್ಲರ ಅಪ್ಪಂದಿರೂ ಹೋರಾಟಗಾರರೇ. ನಮ್ಮ ಧಣಿಗೂ ಆಸೆ ಹುಟ್ಟಿತು. ಅವರ ತೀರಿಹೋದ ತಂದೆ ಕಾಡಿನ ಹೋರಾಟಗಾರರಿಗೆ ಗುಟ್ಟಾಗಿ ಕಂಬಳಿ ಕೊಟ್ಟಿದ್ದರಂತೆ. ಅಂಗಳದಲ್ಲಿ ಅವರ ಫೋಟೊ ಅನಾವರಣ, ಗಾಜಿನ ಪೆಟ್ಟಿಗೆಯಲ್ಲಿ ಆ ಕಾಲದ ಒಂದು ಕಂಬಳಿ, ಸರ್ಕಾರದ ಕಡೆಯ ಅಧಿಕಾರಿ, ಪತ್ರಿಕೆಯವರು. ಇವೆಲ್ಲದರ ಜೊತೆಗೆ ಕಂಡು ಹೇಳುವ ಒಂದು ಬಾಯಿ ಬೇಕು. ಆ ಕಾಲ ಕಂಡ ಬಾಯಿ ಕಾರ್ಖಾನೆಯಲ್ಲಿ ಮುಥೋನಿಯದೊಂದೇ.

ಸಾಹೇಬರು ನನ್ನನ್ನು ಆಫೀಸಿಗೆ ಕರೆದು ನಾಲ್ಕು ವಾಕ್ಯ ಕೊಟ್ಟರು. ಮುದುಕಿಗೆ ಬಾಯಿಪಾಠ ಮಾಡಿಸು, ಸರಿಯಾಗಿ ಹೇಳಿದರೆ ವೇದಿಕೆ ಮೇಲೇ ಕಾಯಂ ಮಾಡಿದ ಕಾಗದ ಕೈಗೆ ಕೊಡುತ್ತೇವೆ, ಹೇಳದಿದ್ದರೆ ಮಾರನೆಯ ದಿನದಿಂದ ಬರುವುದು ಬೇಡ ಎಂದರು. ಕಾಯಂ ಅಂದರೆ ಆಸ್ಪತ್ರೆಯ ಕಾರ್ಡು. ಮುಥೋನಿಯ ಬಲಮಂಡಿ ಊದಿಕೊಂಡು ಕುಂಬಳಕಾಯಿ ಆಗಿತ್ತು. ಮುಕುರು ಕೊಳೆಗೇರಿಯ ತಗಡಿನ ಮನೆಯಿಂದ ಕಾರ್ಖಾನೆಗೆ ಅವಳು ಬರುವುದನ್ನು ಹಿಂದಿನಿಂದ ನೋಡಿದರೆ ಮುರಿದ ಕುರ್ಚಿ ತಾನೇ ನಡೆದು ಬಂದಂತೆ ಕಾಣುತ್ತಿತ್ತು. ನಾನು ಒಪ್ಪಿಕೊಂಡೆ. ಸುಳ್ಳಾದರೇನು, ಮಂಡಿ ನಿಜವಲ್ಲವೇ?

ಪೆಟ್ಟಿಗೆಯಲ್ಲಿಡುವ ಕಂಬಳಿಯನ್ನು ಉಗ್ರಾಣದಿಂದ ಹುಡುಕಿ ತೊಳೆಸಿದವನೂ ನಾನೇ. ಬೂದು ಬಣ್ಣದ ಒರಟು ಕಂಬಳಿ. ಒಣಹಾಕುವಾಗ ನೋಡಿದೆ, ಅಂಚಿನಲ್ಲಿ ಒಂದೇ ಒಂದು ನೀಲಿ ನೂಲು ಓಡಿದೆ. ನಮ್ಮೂರಲ್ಲಿ ಸರ್ಕಾರಿ ಆಸ್ಪತ್ರೆಯ ಟೆಂಡರಿಗೆ ಹಾಸುಬಟ್ಟೆ ನೇಯುವಾಗ ಹೀಗೆಯೇ ಅಂಚಿಗೊಂದು ಬಣ್ಣದ ನೂಲು ಬಿಡಬೇಕು, ಯಾರಾದರೂ ಕದ್ದು ಹೊರಗೆ ಮಾರಿದರೆ ಗೊತ್ತಾಗಲಿ ಅಂತ. ಇದು ಕಾಡಿಗೆ ಕದ್ದು ಹೋದ ಕಂಬಳಿಯಲ್ಲ, ಬಿಳಿಯರ ಸರ್ಕಾರಕ್ಕೆ ನೇಯ್ದ ಮಾಲು. ಅದೂ ಪೂರ್ತಿಯಲ್ಲ. ಒಂದು ಬದಿಗೆ ಅಂಚು, ಇನ್ನೊಂದು ಬದಿಗೆ ಕತ್ತರಿಯ ಗುರುತು.

ಮುಥೋನಿಗೆ ತೋರಿಸಿದೆ. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಮೂಸಿದಳು. ಬಿಳಿಯರ ಸೆರೆಶಿಬಿರದಿಂದ ಅವಳ ತಾಯಿ ಹೊದ್ದು ಬಂದದ್ದು ಇಂಥದ್ದೇ ಅರ್ಧವಂತೆ. ಹಾಗಾದರೆ ವೇದಿಕೆ ಮೇಲೆ ಏನು ಹೇಳುತ್ತೀ ಎಂದು ಕೇಳಿದೆ. ನೀನು ಹೇಳಿಕೊಟ್ಟದ್ದೇ ಹೇಳುತ್ತೇನೆ ಎಂದು ಅವಳು ನಾಲ್ಕೂ ವಾಕ್ಯಗಳನ್ನು ಸ್ಕೂಲಿನ ಮಗುವಿನಂತೆ ತಪ್ಪಿಲ್ಲದೆ ಒಪ್ಪಿಸಿದಳು. ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಗೆ ನಾಚಿಕೆಯೂ ಆಯಿತು.

ಡಿಸೆಂಬರ್ ಮೊದಲ ಶುಕ್ರವಾರ ಅಂಗಳದಲ್ಲಿ ಶಾಮಿಯಾನ. ಒಂದು ಕಡೆ ಅಧಿಕಾರಿ, ಇನ್ನೊಂದು ಕಡೆ ಫೋಟೊಗ್ರಾಫರ್, ನಡುವೆ ಧಣಿ ನಗುತ್ತಾ ಕೂತರು. ಸೂರ್ಯನಾರಾಯಣ ಅವರು ಕಾಯಂ ಕಾಗದ ಹಿಡಿದು ಮೈಕಿನ ಪಕ್ಕ. ಮುದುಕಿ ಮಾತು ಮುಗಿಸಿ ಜನ ಚಪ್ಪಾಳೆ ತಟ್ಟಿದ ಕೂಡಲೇ ಕಾಗದ ಕೊಡಬೇಕು, ಫೋಟೊ ತಪ್ಪಬಾರದು ಎಂದು ಧಣಿ ಎರಡೆರಡು ಸಲ ಹೇಳಿದ್ದರು. ಈ ಊರಿಗೆ ಬಂದು ಹನ್ನೊಂದು ವರ್ಷವಾದರೂ ಸಾಹೇಬರಿಗೆ ಸ್ವಾಹಿಲಿಯಲ್ಲಿ ಬರುತ್ತಿದ್ದುದು ಮೂರೇ ಮಾತು: ಬಾ, ಹೋಗು, ಬೇಗ.

ಮುಥೋನಿ ಕುಂಟುತ್ತಾ ಹತ್ತಿದಳು. ಮೈಕನ್ನು ಮೊಮ್ಮಗಳ ಗಲ್ಲ ಹಿಡಿದ ಹಾಗೆ ಹಿಡಿದು, ಜೇನಿನಂಥ ದನಿಯಲ್ಲಿ ಶುರುಮಾಡಿದಳು.

"ಆಗ ನಂಗೆ ಅನ್ನೆಲ್ಡು ವರ್ಸ." ಇದು ನನ್ನ ಮೊದಲನೇ ವಾಕ್ಯ.

"ಧಣೀರಪ್ಪ ನಮ್ಮೂರ್ಗೆ ಬರೋರು." ಎರಡನೆಯದು. ನಾನು ಉಸಿರು ಬಿಟ್ಟೆ.

"ಯೆಂಗ್ ಬರೋರು ಅಂದ್ರೆ, ಮುಂದೆ ಬಿಳೀರ ಕಡೆ ಸೇರಿದ್ ನಮ್ಮೋರೇ ಬಂದೂಕ ಇಡ್ಕಂಡು, ಯಿಂದೆ ಇವ್ರ ಲಾರಿ. ಲಾರಿ ಮ್ಯಾಲೆ ಜಿಂಕೆ ಚಿತ್ರ. ಅಗಾ ನೋಡಿ, ಗೇಟ್ ಮ್ಯಾಲೂ ಅದೇ ಜಿಂಕೆ. ಕಾಡ್ಗೋದೋರ ಮನೆ ಮೇಕೆ ಎಳ್ಕಂಡ್ ಬಂದೋರ್ತಾವ ಅಲ್ಲೇ ಕೊಂಡ್ಕಂಡು ಲಾರಿಗ್ ತುಂಬೋರು. ಸರ್ಕಾರದ್ ಚೀಟಿ ಇತ್ತು. ಚೀಟಿ ಇದ್ಮ್ಯಾಕೆ ಕಳ್ತನ ಅನ್ನಂಗಿಲ್ಲ, ಯಾಪಾರ."

ಹೆಂಗಸರ ಸಾಲಿನಲ್ಲಿ ಕಿಸಕ್ಕೆಂದು ಒಂದು ನಗು. ಧಣಿಯ ನಗು ಮಾತ್ರ ಮುಖದ ಮೇಲೆ ಹಾಗೇ ಸಿಕ್ಕಿಕೊಂಡಿತು. ಸಾಹೇಬರು, ಕೆಲಸ ಚೆನ್ನಾಗಿ ನಡೆಯುತ್ತಿದೆಯಲ್ಲ ಎಂಬಂತೆ ನನ್ನತ್ತ ತಲೆಯಾಡಿಸಿದರು. ನಾನೂ ಆಡಿಸಿದೆ.

"ನಮ್ಮವ್ವಂಗೆ ಕಂಬ್ಳಿ ಕೊಟ್ರು." ಮೂರನೆಯದು. ಅವಳು ಪೆಟ್ಟಿಗೆಯ ಗಾಜು ಸರಿಸಿ ಕಂಬಳಿ ಹೊರಗೆ ಎಳೆದು ಬಿಡಿಸಿ ಹಿಡಿದಳು. "ಜೈಲಾಗೆ. ಒಂದ್ನ ಎಲ್ಡ್ ಮಾಡಿ ಇಬ್ರಿಗೆ. ಇವ್ರು ಸರ್ಕಾರಕ್ಕೆ ಕೊಟ್ಟ ಲೆಕ್ಕ ಮಾತ್ರ ಪೂರ್ತೀದು. ನೋಡಿ, ಈ ಕಡೆ ಅಂಚೈತೆ, ಈ ಕಡೆ ಇಲ್ಲ. ನಮ್ ಫುಂಡೀನ ಕೇಳಿ, ನೂಲಿನ್ ಇಚಾರ ಅವನ್ಗೆ ಗೊತ್ತು. ಇವ್ರ ಋಣಾನ ದೇಸ ಮರೀಬಾರ್ದು."

ನಾಲ್ಕನೆಯದೂ ಬಂತು. ನಾನು ಕಲಿಸಿದ್ದರಲ್ಲಿ ಒಂದಕ್ಷರ ಬಿಟ್ಟಿರಲಿಲ್ಲ.

ಆಮೇಲೆ ನಲವತ್ತು ಹೆಂಗಸರು ಒಟ್ಟಿಗೆ ನಾಲಿಗೆ ಹೊರಳಿಸಿ, ಮದುವೆ ಮನೆಯಲ್ಲಿ ಕೂಗುವ ಹಾಗೆ ಉಲುಲು ಎಂದು ಕೂಗಿದರು. ತಗಡಿನ ಮಾಡು ನಡುಗಿತು. ಸೂರ್ಯನಾರಾಯಣ ಅವರಿಗೆ ಅದಕ್ಕಿಂತ ದೊಡ್ಡ ಚಪ್ಪಾಳೆ ಇನ್ನೇನು ಬೇಕು? ಧಣಿ ಕೈಯೆತ್ತಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರೆ, ಇವರು ಅದನ್ನು ಬೇಗ ಬೇಗ ಎಂದುಕೊಂಡು, ಮುಥೋನಿಯ ಕೈಗೆ ಕಾಗದ ಕೊಟ್ಟು ಕ್ಯಾಮೆರಾ ಕಡೆ ತಿರುಗಿ ಹಲ್ಲು ಬಿಟ್ಟರು. ಫೋಟೊ ಚೆನ್ನಾಗಿ ಬಂತು.

ಅಸಾಂಟೆ ಸಾನಾ, ತುಂಬಾ ಉಪಕಾರ ಎಂದು ಮುಥೋನಿ ಅವರ ಕೈ ಕುಲುಕಿದಳು.

ಆ ಸಂಜೆ ಆಫೀಸಿನೊಳಗೆ ಸಾಹೇಬರಿಗೆ ಏನಾಯಿತೋ ನಾನು ನೋಡಿಲ್ಲ. ಸೋಮವಾರ ಬೆಳಗ್ಗೆ ಅವರ ಕಣ್ಣುಗಳು ಮೆಣಸಿನಕಾಯಿಯಾಗಿದ್ದವು. ಗೇಟಿನಲ್ಲಿ ದಿನಗೂಲಿಯವರನ್ನು ಬೆರಳು ತೋರಿಸಿ ಆರಿಸುವ ಹೊತ್ತು. ಅವರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಕಾಗದದಲ್ಲಿ ತಾರೀಖು ತಪ್ಪಾಗಿದೆ, ತಿದ್ದಿ ಕೊಡುತ್ತೇವೆ, ವಾಪಸು ಕೊಡು ಅಂತ ಅವಳಿಗೆ ಹೇಳು ಎಂದರು.

ಹೇಳಿದೆ. ಮುಥೋನಿ ತಲೆವಸ್ತ್ರದ ಗಂಟಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟಳು. ಸಾಹೇಬರು ಅದನ್ನು ಚೂರು ಚೂರು ಮಾಡಿದ ಮೇಲೆ, ಅದು ಜೆರಾಕ್ಸ್ ಎಂದಳು.

ಅವಳ ಹಿಂದೆ ನಿಂತ ಹೆಂಗಸು ಇನ್ನೊಂದು ಕಾಗದ ಮುಂದೆ ಹಿಡಿದಳು. ಅವಳ ಹಿಂದಿನವಳು ಮತ್ತೊಂದು. ನೋಡುತ್ತಾ ಹೋದೆ: ನಲವತ್ತು ಕೈ, ನಲವತ್ತು ಕಾಗದ. ಮುಥೋನಿಯ ಹೆಸರಿನ ಮೇಲೆ ಚೀಟಿ ಇಟ್ಟು ಮುಚ್ಚಿ ನಕಲು ತೆಗೆಸಿದ್ದಾರೆ. ಖಾಲಿ ಜಾಗದಲ್ಲಿ ಒಬ್ಬೊಬ್ಬಳೂ ತನ್ನ ಹೆಸರು ಬರೆದಿದ್ದಾಳೆ. ಕೆಳಗೆ ಎಲ್ಲದರಲ್ಲೂ ಧಣಿಯ ಸಹಿ, ಜಿಂಕೆಯ ಮುದ್ರೆ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದ್ದರು.

ಬಾವುಟಗಳು ಗುರುವಾರ ಹೋಗಬೇಕು, ಅರ್ಧವೂ ಹೊಲಿದಿಲ್ಲ. ಸಾಹೇಬರು ಬಾ, ಹೋಗು, ಬೇಗ ಮೂರನ್ನೂ ಕೂಗಿ ನೋಡಿದರು. ಹೆಂಗಸರು ರಸ್ತೆಯ ಬದಿ ಕೂತು ಬೇಯಿಸಿದ ಗೆಣಸು ಬಿಚ್ಚಿದರು.

"ಲೋ ಗಂಗಾಧರ, ನಿನ್ನ ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿದೆ, ನೆನಪಿರಲಿ. ಹೇಳು ಈ ಮುಂಡೇವಕ್ಕೆ, ಒಳಗೆ ಬರ್ಲಿ."

ನಾನು ಹೆಂಗಸರ ಕಡೆ ನಡೆದೆ. ಮುಥೋನಿ ಜರುಗಿ ಪಕ್ಕದಲ್ಲಿ ಜಾಗ ಮಾಡಿದಳು, ಕೂತೆ. ಒಂದು ಕೈಯಲ್ಲಿ ಅರ್ಧ ಗೆಣಸು, ಇನ್ನೊಂದು ಕೈಯಲ್ಲಿ ಒಂದು ಕಾಗದ ಕೊಟ್ಟಳು. ಅದರಲ್ಲಿ ಹೆಸರಿನ ಜಾಗ ಖಾಲಿ ಇತ್ತು. ನನ್ನ ಹಿಂದೆಯೇ ಬಂದು ನಿಂತಿದ್ದ ಸಾಹೇಬರನ್ನು ಕತ್ತೆತ್ತಿ ನೋಡಿದೆ.

"ಸಾರ್, ಒಸಿ ಪೆನ್ ಕೊಡ್ತೀರಾ?"

ಅಭ್ಯಾಸ ಬಲ ನೋಡಿ, ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಪೆನ್ನು ನನ್ನ ಬೆರಳಿಗೆ ಬಂದ ಮೇಲೆ ಅವರಿಗೆ ಹೊಳೆಯಿತು. ಅಷ್ಟರಲ್ಲಿ ನಾನು ಕನ್ನಡದಲ್ಲೇ ದಪ್ಪಗೆ 'ಗಂ' ಬರೆದಿದ್ದೆ.