ಕೆಂಚಿಯ ಪಕ್ಕ

ನಜರ್‌ಬಾದಿನ ಕುಸ್ತಿ ಪೈಲ್ವಾನ ಬಸವರಾಜು ಪಶು ಆಸ್ಪತ್ರೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅವರ ನಾಯಿ ಕೆಂಚಿಗೆ ಕ್ಯಾನ್ಸರ್ ಉಲ್ಬಣಿಸಿತ್ತು. ದಯಾಮರಣದ ಇಂಜೆಕ್ಷನ್ನೊಂದೇ ದಾರಿ ಎಂದು ಡಾಕ್ಟರು ಹೇಳಿದ್ದರು.

"ನನ್ ಕೈಲಿ ನೋಡಕ್ಕಾಗಲ್ಲ ಕಣಮ್ಮ," ಎಂದರು, ಜೊತೆಗೆ ಬಂದಿದ್ದ ಶುಭಾಗೆ. ಬೆಳಗಿನ ವಾಕಿಂಗ್‌ನಲ್ಲಿ ಪರಿಚಯವಾದ ಶುಭಾ ಹೋದ ವರ್ಷ ತನ್ನ ನಾಯಿಯನ್ನು ಕಳೆದುಕೊಂಡಿದ್ದಳು.

"ಬಸವರಾಜಣ್ಣ, ಕೊನೇಲಿ ಅದು ಹುಡ್ಕೋದು ನಿಮ್ಮನ್ನೇ ಕಣ್ರೀ. ಬನ್ನಿ, ನಾನೂ ಇರ್ತೀನಿ."

ಅವರು ಒಳಗೆ ಹೋಗಿ ಕೆಂಚಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅದರ ಬಾಲ ಮೆಲ್ಲಗೆ ಆಡಿತು. ಉಸಿರು ನಿಲ್ಲುವವರೆಗೂ ಅವರು ಕದಲಲಿಲ್ಲ.

ತಿಂಗಳೊಳಗೆ ವಾಕಿಂಗ್ ಗೆಳೆಯ ವಾಗೀಶರ ಮುದಿ ನಾಯಿ ಕಾಯಿಲೆ ಬಿದ್ದಿತು. ಶುಭಾ ವಾಗೀಶರ ಮನೆಗೆ ಓಡಿಬಂದಾಗ ಬಸವರಾಜು ಆಗಲೇ ನೆಲದಲ್ಲಿ ಕುಳಿತು ಅದಕ್ಕೆ ಗಂಜಿ ನೆಕ್ಕಿಸುತ್ತಿದ್ದರು. ಶುಭಾಳ ಎದೆ ಹೆಮ್ಮೆಯಿಂದ ತುಂಬಿಬಂತು.